ಗಂಗಮ್ಮ ಹೊದಿಸಿದ ಒದ್ದೆ ಚೀಲ

ಗಂಗಮ್ಮನವರ ಸಾವಿಗೆ ನನ್ನ ಒಂದು ಮಾತು ಕಾರಣವೇ ಎಂಬುದು ನನಗೆ ಇಂದಿಗೂ ಖಚಿತವಿಲ್ಲ. ಆಡಿದೆನೆಂದು ನೆನಪು ಹೇಳುತ್ತದೆ. ಆದರೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಿಗೆ, ಸಾಕ್ಷಿ ಹೇಳುವ ತಾನೇ ಹೆದರಿದವನಾಗಿದ್ದರೆ ತನ್ನನ್ನು ಎಷ್ಟು ನಂಬಬೇಕೆಂಬ ಅನುಮಾನ ಬಿಡುವುದಿಲ್ಲ.

2005ರಲ್ಲಿ ನಾನು ಹರಪನಹಳ್ಳಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹಾರ್ಡ್‌ವೇರ್ ಎಂಜಿನಿಯರ್ ಆಗಿದ್ದೆ. ಸ್ಕ್ರೂಡ್ರೈವರ್ ಬ್ಯಾಗು ಹಿಡಿದು ಹಡಗಲಿ, ಕೊಟ್ಟೂರಿನವರೆಗೂ ಬಸ್ಸಿನಲ್ಲಿ ಓಡಾಡುವ ಕೆಲಸಕ್ಕೆ ಆ ಹೆಸರು. ಜನವರಿಯಲ್ಲಿ ತೆಲಿಗಿಯ ವೀರೇಶನಿಗೆ ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದೆ. ಮನೆಯ ಮುಂದಿನ ಕೋಣೆಯಲ್ಲಿ ಅದನ್ನಿಟ್ಟು ಊರಿನವರಿಗೆ ಗಂಟೆಗಿಷ್ಟೆಂದು ಆಡಲು ಕೊಡುತ್ತಿದ್ದ. ಆ ಮನೆಯಲ್ಲಿದ್ದವರು ಅವನು ಮತ್ತು ಅವನ ತಾಯಿ ಗಂಗಮ್ಮ, ಇಬ್ಬರೇ.

ಏಪ್ರಿಲ್‌ನಲ್ಲಿ ಅವನ ಫೋನ್ ಬಂತು. ಆಟದ ನಡುವೆ ಕಂಪ್ಯೂಟರ್ ತಾನಾಗಿಯೇ ಆರಿಹೋಗುತ್ತಿತ್ತು. ಹೋಗಿ ನೋಡಿದರೆ ಮೇಲೆ ತಗಡು, ಪಕ್ಕದಲ್ಲಿ ಮೆಕ್ಕೆಜೋಳದ ಚೀಲಗಳು. ಪ್ರೊಸೆಸರ್ ಮಿತಿಮೀರಿ ಕಾದರೆ ಸುಡದಿರಲೆಂದು ಯಂತ್ರ ತಾನೇ ನಿಲ್ಲುತ್ತದೆ. ಹಾಗೆ ಕಾಯದಂತೆ ಅದರ ಮೇಲೆ ಕೂರಿಸುವ ಲೋಹದ ರೆಕ್ಕೆ ಮತ್ತು ಫ್ಯಾನೇ ಕೂಲರ್. ಪ್ರೊಸೆಸರ್ ಡಬ್ಬಿಯಲ್ಲೇ ಬರುವುದು ಸ್ಟಾಕ್ ಕೂಲರ್. ಬೇರೆಯಾಗಿ ಕೊಂಡು ಹಾಕುವುದು ಆಫ್ಟರ್‌ಮಾರ್ಕೆಟ್.

“ಇದೇನ್ರಿ ಸರ್, ಜಾತ್ರಿ ಗಿರಗಟ್ಲಿ ಇದ್ದಂಗ ಐತಿ,” ಎಂದ ವೀರೇಶ, ಅದರಲ್ಲಿದ್ದ ಸ್ಟಾಕ್ ಕೂಲರಿನ ಪುಟ್ಟ ಫ್ಯಾನ್ ತಿರುಗಿಸಿ. “ತಾಮ್ರದ್ದು ದೊಡ್ಡದು ಬರತೈತಂತಲ್ರಿ, ಅದನ್ನ ತರಿಸಿ ಹಾಕ್ರಿ.”

ಒಳಗಿನಿಂದ ಗಂಗಮ್ಮ ಕೂಗಿದರು: “ಲೇ ವೀರೇಶಿ, ಹಡದವ್ವಗ ಒಂದು ಫ್ಯಾನ್ ಇಲ್ಲ, ನಿನ್ನ ಡಬ್ಬಿಗಿ ದೊಡ್ಡದು ಬೇಕಾ?”

ನಾನು ಅಳೆಯದೆ ಒಪ್ಪುವವನಲ್ಲ. ರೆಕ್ಕೆಗಳಲ್ಲಿ ಕಟ್ಟಿದ್ದ ಜೋಳದ ಧೂಳು ಊದಿ ತೆಗೆದೆ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದೆ. ಒಂದು ಗಂಟೆ ಆಟ ಓಡಿಸಿದಾಗ 81 ಡಿಗ್ರಿ ಇದ್ದದ್ದು 69ಕ್ಕೆ ಇಳಿಯಿತು. ಬಾಗಿಲ ಗಾಳಿಗೆ ತಂದಿಟ್ಟಾಗ 62. ಕೋಣೆಯ ಗಾಳಿಗಿಂತ ತಣ್ಣಗೆ ಯಾವ ಕೂಲರೂ ಮಾಡಲಾರದು. ಈ ಪುಟ್ಟ ಪ್ರಯೋಗದ ಹೆಮ್ಮೆಯಲ್ಲಿ ಹೇಳಿದೆ: “ಕೂಲರ್ ಬದಲಿಸೋದು ಬ್ಯಾಡ. ಸುತ್ತ ತಂಪಿಡ್ರಿ, ಸಾಕು.”

“ಅಷ್ಟೇನಪ್ಪಾ? ನೀರಿನ ಗಡಿಗಿಗಿ ಮಾಡಿದಂಗ ಮಾಡಿದ್ರಾತು,” ಎಂದರು ಗಂಗಮ್ಮ.

ನಾವೆಲ್ಲ ನಕ್ಕೆವೆಂದು ನನ್ನ ನೆನಪು. ವೀರೇಶ ಅದನ್ನು ಒಪ್ಪುವುದಿಲ್ಲ: “ಯಾರೂ ನಗಲಿಲ್ರಿ. ನೀವು ಬಸ್ಸಿಗಿ ಹೊತ್ತಾತು ಅಂತ ಬ್ಯಾಗ್ ಕಟ್ಟಾಕ ಹತ್ತಿದ್ರಿ.” ನಾನು ನಕ್ಕಿದ್ದರೆ ಆ ಮಾತು ಕೇಳಿಸಿಕೊಂಡಿದ್ದೆ ಎಂದಾಯಿತು. ಕೇಳಿಸಿಕೊಂಡೂ ತಡೆಯಲಿಲ್ಲ ಎಂದಾಯಿತು.

ಎಂಟೋ ಒಂಬತ್ತೋ ದಿನದ ನಂತರ, ಮಧ್ಯಾಹ್ನ, ಜೋರು ಗಾಳಿ ಬೀಸಿ ಆ ಮನೆಯ ಬಲ್ಬು ಆರಿತು. ವೀರೇಶ ಪೇಟೆಗೆ ಹೋಗಿದ್ದ. ಕರೆಂಟ್ ಹೋಗಿದೆ, ಈಗ ಮುಟ್ಟಿದರೆ ಅಪಾಯವಿಲ್ಲ ಎಂದುಕೊಂಡಿರಬೇಕು ಗಂಗಮ್ಮ. ಬೇಸಿಗೆಯಲ್ಲಿ ಗಡಿಗೆಗೆ ಸುತ್ತುವಂತೆ ಗೋಣಿಚೀಲವೊಂದನ್ನು ನೀರಲ್ಲಿ ಅದ್ದಿ ಕಂಪ್ಯೂಟರಿನ ಲೋಹದ ಡಬ್ಬಿಗೆ ಹೊದಿಸಿದರು. ಪಕ್ಕದ ಮನೆಯವರು ಬಂದು ನೋಡಿದಾಗ ಅವರ ಕೈ ಇನ್ನೂ ಚೀಲದ ಮೇಲಿತ್ತು.

ಮರುದಿನ ನಾನು ಹೋದಾಗ ವೈರ್‌ಮನ್ ಒಬ್ಬರು ಸಾಕೆಟ್ ಬಿಚ್ಚಲು ಕೂತಿದ್ದರು. ಮನೆ ಕಟ್ಟಿದಾಗ ಹೊಡೆದ ಸುಣ್ಣ ಸ್ಕ್ರೂಗಳ ಮೇಲೆ ಒಡೆಯದೆ ಹಾಗೇ ಇತ್ತು, ಕೆರೆದು ತೆಗೆಯಬೇಕಾಯಿತು.

“ಇಲ್ನೋಡ್ರಿ, ನೆಲಕ್ಕ ತಂತೀನ ಇಲ್ಲ. ಅರ್ತಿಂಗ್ ತೂತನ್ನ ನ್ಯೂಟ್ರಲ್‌ಗೆ ಗಂಟು ಹಾಕ್ಯಾರ.”

ಕರೆಂಟ್ ಬರುವ ತಂತಿ ಫೇಸ್, ಮರಳಿ ಹೋಗುವ ತಂತಿ ನ್ಯೂಟ್ರಲ್. ಮೂರನೆಯ ತೂತಿಗೆ ಬರಬೇಕಾದದ್ದು ನೆಲಕ್ಕಿಳಿದ ಬೇರೆ ತಂತಿ, ಅದೇ ಅರ್ತಿಂಗ್. ಅಂದಿನ ಗಾಳಿಗೆ ಕಂಬದಲ್ಲಿ ಕಳಚಿದ್ದು ನ್ಯೂಟ್ರಲ್. ಹಾಗಾದಾಗ ದೀಪ ಆರುತ್ತದೆ, ಕರೆಂಟ್ ಹೋಗಿರುವುದಿಲ್ಲ. ಬಲ್ಬನ್ನು ದಾಟಿ ಮರಳುವ ದಾರಿ ತಪ್ಪಿದ ಅದು ಆ ಗಂಟಿನ ಮೂಲಕ ಕಂಪ್ಯೂಟರಿನ ಮೈಗೆ ಬಂದು ನಿಂತಿತ್ತು.

ವೀರೇಶ ಅಳಲಿಲ್ಲ. “ಸರ್, ಆ ತಾಮ್ರದ್ದು ಹಾಕಿದ್ರ ನಮ್ಮವ್ವ ಚೀಲ ಹೊದಿಸ್ತಿರಲಿಲ್ಲ, ಹೌದಲ್ರಿ?” ಎಂದು ಕೇಳಿದ. ಬಹುಶಃ ಹೌದು. ಆ ಪ್ರಶ್ನೆ ಮಾತ್ರ ಇಬ್ಬರ ನೆನಪಿನಲ್ಲೂ ಒಂದೇ ರೀತಿ ಇದೆ.

ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೂ ಕೆಲಸದಲ್ಲಿ ತಪ್ಪಬಹುದು. ಯಾವ ಕೂಲರ್ ಎಂದು ಕೇಳಿದವನ ಗೋಡೆಯನ್ನು ಮೊದಲು ನೋಡಬೇಕೆಂಬುದನ್ನು ಈ ವೃತ್ತಿ ನನಗೆ ಹೀಗೆ ಕಲಿಸಿತು. ಆಮೇಲೆ ಎಲ್ಲೇ ಹೋದರೂ ಮೊದಲು ಸಾಕೆಟ್ ಬಿಚ್ಚಿದೆ. ಆದರೂ ವರ್ಷಗಟ್ಟಲೆ ನನ್ನನ್ನು ಕಾಡಿದ್ದು ‘ಸುತ್ತ ತಂಪಿಡ್ರಿ’ ಎಂಬ ಮಾತೊಂದೇ.

ವರ್ಷಗಳ ನಂತರ ಅಂಗಡಿಯನ್ನೇ ಮುಚ್ಚುವಾಗ ಹಳೆಯ ಕಾಗದಗಳಲ್ಲಿ ವೀರೇಶನ ಜನವರಿಯ ಇನ್‌ಸ್ಟಲೇಶನ್ ಫಾರ್ಮಿನ ನಕಲು ಸಿಕ್ಕಿತು. ಅದನ್ನು ಬಿಸಿಲಿಗೆ ಹಿಡಿದು ಎರಡು ಸಲ ಓದಿದೆ. ‘ಸಾಕೆಟ್ ಬಿಚ್ಚಿ ಅರ್ತಿಂಗ್ ತಂತಿ ನೋಡಲಾಗಿದೆ’ ಎಂಬ ಸಾಲಿನ ಎದುರು ಸರಿ ಗುರುತು ಇದೆ. ಸ್ಕ್ರೂಗಳ ಮೇಲೆ ಸುಣ್ಣ ಒಡೆಯದೆ ಇದ್ದ ಅದೇ ಸಾಕೆಟ್. ಕೆಳಗಿರುವ ಸಹಿ ನನ್ನದು.