ಚುಕ್ಕಿಗೆರೆಯ ಪೆಟ್ಟಿಗೆ

ಕಕ್ಕಬೆಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನೂ ನನ್ನ ನಾದಿನಿಯೂ ಕಾಫಿ ಹುರಿದು, ಪುಡಿ ಮಾಡಿ ಮಾರುತ್ತೇವೆ. ಮೊದಲೆಲ್ಲ ಪೊಟ್ಟಣಗಳನ್ನು ಚೀಲದಲ್ಲಿ ತುಂಬಿ ವಿರಾಜಪೇಟೆಯ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದೆವು. ಜೋಡಿಸಿಕೊಳ್ಳುವುದು ಅಂಗಡಿಯವರ ಪಾಡು. ಹೋದ ಮಳೆಗಾಲದಲ್ಲಿ ಮಾಕುಟ್ಟದ ಆಚೆ, ಕೇರಳದ ಪೇಟೆಯೊಂದರ ಸೂಪರ್‌ಮಾರ್ಕೆಟ್ಟಿನವರು ನಮ್ಮ ಪುಡಿ ಇಡಲು ಒಪ್ಪಿದರು. ಎರಡು ವಾರದ ಪರೀಕ್ಷೆ, ಒಂದೇ ಶೆಲ್ಫು. ಪೊಟ್ಟಣಗಳನ್ನು ಒಂದೊಂದಾಗಿ ಜೋಡಿಸಲು ಅವರ ಕೆಲಸದವರಿಗೆ ಪುರುಸೊತ್ತಿಲ್ಲವಂತೆ. ರಟ್ಟಿನ ಪೆಟ್ಟಿಗೆಯ ಮೇಲೆ ಚುಕ್ಕಿಗೆರೆ ಇರಬೇಕು, ಅದರ ಗುಂಟ ಎಳೆದರೆ ಮೇಲ್ಭಾಗ ಕಿತ್ತು ಬರಬೇಕು, ಉಳಿದದ್ದು ಟ್ರೇಯ ಹಾಗೆ ಪೊಟ್ಟಣಗಳ ಸಮೇತ ಶೆಲ್ಫಿನ ಮೇಲೆ ಕೂರಬೇಕು.

ನಾದಿನಿ ಚಿತ್ರ ಬರೆದಳು, ಕುಶಾಲನಗರದ ಒಂದು ಪ್ರೆಸ್ಸಿನಲ್ಲಿ ಪೆಟ್ಟಿಗೆ ಮಾಡಿಕೊಟ್ಟರು. ಅವು ಮನೆಗೆ ಬಂದ ದಿನದಿಂದ ನನಗೆ ನೆಮ್ಮದಿ ಇಲ್ಲ. ಆ ಗೆರೆ ಘಾಟಿಯ ಕುಲುಕಾಟವನ್ನು ತಾಳಿಕೊಳ್ಳಬೇಕು, ಅಂಗಡಿಯಲ್ಲಿ ಒಂದೇ ಎಳೆತಕ್ಕೆ ಬಿಟ್ಟುಕೊಡಬೇಕು. ಒಂದು ಪೆಟ್ಟಿಗೆ ಎತ್ತುವಾಗಲೇ ಬಾಯಿಬಿಟ್ಟಿತು. ಇನ್ನೊಂದನ್ನು ಎಳೆದೆಳೆದು ನನ್ನ ಹೆಬ್ಬೆರಳ ಉಗುರು ಎದ್ದಿತು. ಅಡುಗೆಯ ನಡುವೆ ಒಲೆ ಆರಿಸಿ ಹೋಗಿ ಮತ್ತೊಂದನ್ನು ಹರಿದು ನೋಡುತ್ತಿದ್ದೆ.

“ಸುಮ್ನೆ ಕೂರಿ ಅತ್ತಿಗೆ. ಹೀಂಗೆ ಹರೀತಾ ಇದ್ರೆ ಕೊಂಡೋಗಿಕೆ ಎಂತ ಉಟ್ಟು?” ಎಂದಳು ನಾದಿನಿ, ಒಯ್ಯಲು ಒಂದೂ ಉಳಿಯದೆಂದು.

ಹೊರಟ ದಿನ ಜಡಿಮಳೆ. ಪಿಕಪ್ಪು ಓಡಿಸುತ್ತಿದ್ದವಳು ಅವಳು. ತಿರುವು ತಿರುವಿಗೂ ಹಿಂದೆ ನೋಡುತ್ತಿದ್ದವಳು ನಾನು. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಸಾಮಾನು ತೋರಿಸಲು ಟಾರ್ಪಾಲು ಸರಿಸಬೇಕಾಯಿತು. ಅಷ್ಟರಲ್ಲೇ ಮೇಲಿನ ಸಾಲು ನೆನೆಯಿತು. ಶಾಲಿನಿಂದ ಒರೆಸಿದೆ. ರಟ್ಟು ಆಗಲೇ ಮೆತ್ತಗಾಗಿತ್ತು.

ಅಂಗಡಿಯಲ್ಲಿ ಶೆಲ್ಫು ತುಂಬುವ ಹೆಂಗಸು ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ನಮ್ಮ ಮಾತು ಕೇಳಿ, “ನಾನು ಸಣ್ಣದಿರುವಾಗ ನಿಮ್ಮ ಕಡೆಯೇ, ಕುಟ್ಟದ ಎಸ್ಟೇಟಲ್ಲಿ, ಕೂಲಿಯವರ ಲೈನಲ್ಲೇ ಇದ್ದದ್ದು. ಅಮ್ಮ ಕಾಫಿ ಪಿಕ್ಕಿಂಗಿಗೆ ಹೋಗ್ತಿದ್ರು,” ಎಂದಳು. ಒದ್ದೆಯಾಗಿದ್ದ ಪೆಟ್ಟಿಗೆಯನ್ನೇ ಮೊದಲು ಕೈಗೆತ್ತಿಕೊಂಡಳು. ಅದು ಚುಕ್ಕಿಗೆರೆ ಬಿಟ್ಟು ಓರೆಯಾಗಿ, ತಳದವರೆಗೆ ಹರಿಯಿತು. ಅವಳು ಅದನ್ನು ಪಕ್ಕಕ್ಕಿಟ್ಟಳು. ಕೆಳಗಿನ ಸಾಲಿನಿಂದ ನೆನೆಯದ ಪೆಟ್ಟಿಗೆಯೊಂದನ್ನು ಎಳೆದುಕೊಂಡು, ಗೆರೆಯ ಮೇಲೆ ಹೆಬ್ಬೆರಳು ಒತ್ತಿ, ಮೂಲೆಯಿಂದ ಎಳೆದಳು. ಮೇಲ್ಭಾಗ ನೀಟಾಗಿ ಬಂತು.

ಅವಳು ಟ್ರೇಯನ್ನು ಶೆಲ್ಫಿಗೆ ತಳ್ಳಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

“ಚೇಚಿ,” ಎಂದಳು, ಅಕ್ಕಾ ಎನ್ನುವ ಹಾಗೆ. “ಹೆಸರು ಎಲ್ಲಿ?”

ನಮ್ಮ ಪುಡಿಯ ಹೆಸರು ಅವಳು ಕಿತ್ತು ಕೈಯಲ್ಲಿ ಹಿಡಿದಿದ್ದ ತುಂಡಿನ ಮೇಲಿತ್ತು. ಟ್ರೇಯ ಮುಂದಿನ ಅಂಚು ಎತ್ತರವಾಗಿ, ಪೊಟ್ಟಣಗಳ ಮೇಲಿನ ಹೆಸರನ್ನೂ ಮುಚ್ಚಿತ್ತು. ಹಾದುಹೋಗುವವರಿಗೆ ಕಾಣುವುದು ಬರೀ ಕಂದು ರಟ್ಟು. ಅಷ್ಟು ದಿನ ಅಷ್ಟು ಪೆಟ್ಟಿಗೆ ಹರಿದಿದ್ದೆ. ಗೆರೆ ನೋಡಿದ್ದೆನೇ ಹೊರತು ಉಳಿದದ್ದನ್ನು ಒಮ್ಮೆಯೂ ನೋಡಿರಲಿಲ್ಲ.

“ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ. ಬರೋದ್ರೊಳಗೆ ಬರೀರಿ,” ಎಂದು ಅವಳು ಏಪ್ರನ್ನಿನ ಜೇಬಿನಿಂದ ದಪ್ಪ ಮಾರ್ಕರ್ ತೆಗೆದುಕೊಟ್ಟಳು. ನಾದಿನಿ ನೆಲದ ಮೇಲೆ ಕುಳಿತು, ಒಂದೊಂದು ಟ್ರೇಯ ಅಂಚಿನ ಮೇಲೂ ಹೆಸರನ್ನು ಮಲಯಾಳಂ ಅಕ್ಷರಗಳಲ್ಲಿ, ಆ ಹೆಂಗಸು ತೋರಿಸಿದಂತೆ ಬರೆದಳು.

ಮ್ಯಾನೇಜರ್ ಬಂದು ಬಹಳ ಹೊತ್ತು ನೋಡಿದರು. “ಕೈಬರಹ ಇಲ್ಲಿ ನಡೆಯೋದಿಲ್ಲ,” ಎಂದರು. ಆಮೇಲೆ, “ಈ ಸಲ ಇರಲಿ. ಮುಂದಿನ ಲೋಡಿಗೆ ಪ್ರಿಂಟ್ ಆಗಿ ಬರಬೇಕು,” ಎಂದರು.

ಮುಂದಿನ ಲೋಡಿಗೆ ಅಂಚು ತಗ್ಗಿಸಿದೆವು, ಅಂಚಿನ ಮೇಲೇ ಹೆಸರು ಹಾಕಿಸಿದೆವು. ಮೂಲೆಯಲ್ಲಿ ಬೆರಳು ತೂರಲು ಒಂದು ತೂತನ್ನೂ ಇಡಿಸಿದೆವು. ಅದನ್ನು ಹೇಳಿದ್ದು ಶೆಲ್ಫು ತುಂಬುವ ಆ ಹೆಂಗಸೇ, ಹೋದ ಸಲ ನಾವು ಹೊರಡುವಾಗ. ಆ ಲೋಡು ಒಯ್ದ ದಿನವೂ ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಿದ್ದೆ. ಅಂಗಡಿಯಲ್ಲಿ ಆ ಹೆಂಗಸು ಇರಲಿಲ್ಲ, ರಜೆಯಲ್ಲಿದ್ದಳು. ಬೇರೆ ಹುಡುಗಿಯೊಬ್ಬಳು ಯಾರೊಂದಿಗೋ ಮಾತಾಡುತ್ತಲೇ, ಪೆಟ್ಟಿಗೆಯತ್ತ ನೋಡದೆಯೇ, ಬೆರಳು ತೂರಿಸಿ ಎಳೆದು, ಟ್ರೇ ತಳ್ಳಿ, ಮುಂದಿನ ಸಾಲಿಗೆ ಹೋದಳು. ಟ್ರೇಯ ಅಂಚಿನ ಹೆಸರನ್ನು ಓದುತ್ತ ನಾನು ಅಲ್ಲೇ ನಿಂತಿದ್ದೆ. “ದಾರಿ ಬಿಡಿ,” ಎಂದು ಸಾಮಾನಿನ ಟ್ರಾಲಿ ತಳ್ಳಿಕೊಂಡು ಬಂದವರು ಹೇಳಿದ ಮೇಲೆ ಸರಿದೆ.