ಹಬ್ಬವಿಲ್ಲದ ದಿನದ ಉಡಿ

"ನಾಳೆ ಬಾರವ್ವ, ನಿನಗೆ ಉಡಿ ತುಂಬಬೇಕು" ಎಂದು ಅಣ್ಣ ಫೋನ್ ಮಾಡಿದಾಗಲೇ ನನಗೆ ಕಸಿವಿಸಿ ಶುರುವಾಯಿತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಕೊನೆಗೆ ಸೇರಿಸಿದ: "ಹಂಗೇ ಆಧಾರ್ ಕಾರ್ಡ್ ತಗೊಂಡು ಬಾ, ನೋಂದಣಿ ಕಚೇರಿಯಾಗ ಒಂದು ಸಹಿ ಐತೆ." ಉಡಿ ತುಂಬಲು ಆಧಾರ್ ಯಾಕೆ ಬೇಕು ಎಂದು ಕೇಳಲು ಬಾಯಿ ಬರಲಿಲ್ಲ.

ಹರಿಹರದಿಂದ ದಾವಣಗೆರೆ ಏನು ಮಹಾ ದೂರ? ಆದರೂ ಬಸ್ಸಿನಲ್ಲಿ ಕೂರಲಾಗಲಿಲ್ಲ. ನಡುದಾರಿಯ ಬಾತಿ ಊರು ಬರುತ್ತಲೇ ಎದ್ದು ನಿಂತೆ. "ಇನ್ನೂ ಟೈಮ್ ಐತೆ, ಕೂಡ್ರಿ" ಎಂದ ಕಂಡಕ್ಟರ್ ಮೇಲೂ ಸಿಟ್ಟು ಬಂತು.

ಅವ್ವ ಮೊದಲೇ ಕಣ್ಣು ಮುಚ್ಚಿದ್ದಳು. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಉಳಿದವರು ಅಣ್ಣ, ನಾನು. ಶಾಮನೂರಿನ ನಮ್ಮ ಹೊಲದ ಸುತ್ತ ಈಗ ಬರೀ ಲೇಔಟು, ಕೊಳ್ಳುವವರಿಗೆ ಅವಸರ. ಹರಿಹರದಲ್ಲಿ ನಡೆದ ಕಾನೂನು ಅರಿವು ಶಿಬಿರದಲ್ಲಿ ವಕೀಲೆಯೊಬ್ಬರು ಬಿಡಿಸಿ ಹೇಳಿದ್ದರು: ಮದುವೆಯಾದರೂ ಮಗಳು ಮಗಳೇ, ಉಯಿಲಿಲ್ಲದೆ ಅಪ್ಪ ಬಿಟ್ಟುಹೋದ ಆಸ್ತಿಯಲ್ಲಿ ಅವಳಿಗೂ ಮಗನಷ್ಟೇ ಪಾಲು. ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಒತ್ತಾಯ ಯಾರೂ ಮಾಡುವಂತಿಲ್ಲ, ಹಾಕಿ ನೋಂದಣಿಯಾಯಿತೋ, ಆಮೇಲೆ ಅತ್ತರೂ ಸುಲಭಕ್ಕೆ ರದ್ದಾಗದು. ನಾವೆಲ್ಲ ತಲೆಯಾಡಿಸಿ, ಕೊಟ್ಟ ಉಪ್ಪಿಟ್ಟು ತಿಂದು ಬಂದಿದ್ದೆವು. ಒಲ್ಲೆ ಎಂದ ಮೇಲೆ ತವರಿನ ಹೊಸ್ತಿಲು ಹೇಗೆ ತುಳಿಯುವುದು ಎನ್ನುವುದನ್ನು ಮಾತ್ರ ಆಕೆ ಹೇಳಿರಲಿಲ್ಲ.

ಅಣ್ಣ ಕೆಟ್ಟವನಲ್ಲ. ನನ್ನ ಎರಡೂ ಬಾಣಂತನ ತವರಿನಲ್ಲೇ ಮಾಡಿಸಿದವನು. ಅದಕ್ಕೇ ಸಂಕಟ.

ಮನೆ ಮುಟ್ಟುತ್ತಲೇ ಅತ್ತಿಗೆ ಮಣೆ ಹಾಕಿ ಕೂರಿಸಿದಳು. ಹಸಿರು ಇಳಕಲ್ ಸೀರೆ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು, ಯಾವುದಕ್ಕೂ ಕಡಿಮೆಯಿಲ್ಲ. "ಸಹಿ ಆತು ಅಂದ್ರ ತವರು ಗಟ್ಟಿ ಇರ್ತೈತೆ. ಲಗೂ ಬರ್ರಿ" ಎಂದು ಅಣ್ಣ ಕಾರು ಸ್ಟಾರ್ಟ್ ಮಾಡಲು ಹೊರಗೆ ಹೋದ.

ಅತ್ತಿಗೆಯ ಬೊಗಸೆಯಲ್ಲಿ ಅಕ್ಕಿ ಹಾಗೇ ನಿಂತಿತು.

"ನಮ್ಮಣ್ಣನೂ ಹಿಂಗೇ ಅಂದಿದ್ದ," ಎಂದಳು, ತಲೆ ಎತ್ತದೆ. "ಸಹಿ ಹಾಕಿ ಬಂದೆ. ಅವತ್ತಿಂದ ನಾಗರ ಪಂಚಮಿಗೆ ಕರಿಯಾಕ ಒಬ್ರೂ ಬಂದಿಲ್ಲ." ಅಕ್ಕಿಯನ್ನು ನನ್ನ ಸೆರಗಿಗೆ ಸುರಿದಳು. "ಬ್ಯಾಡ ಅನ್ನಂಗಿದ್ರ ಇಲ್ಲೇ ಅನ್ನು. ಕಚೇರಿಯಾಗ ಬಾಯಿ ಬರಲ್ಲ."

ತನ್ನ ಗಂಡನ ಕೈಯಿಂದ ಅರ್ಧ ಹೊಲ ಹೋಗುವ ಮಾತು ಅದು. ಅವಳಿಗೂ ಗೊತ್ತಿತ್ತು. ನನಗೆ ಅಳು ಬಂತು, ನಾಚಿಕೆಯೂ ಆಯಿತು.

ಉಡಿ ಹಿಡಿದುಕೊಂಡೇ ಅಂಗಳಕ್ಕೆ ಹೋದೆ. "ಅಣ್ಣಾ, ನಾನು ಸಹಿ ಹಾಕಲ್ಲ. ನನ್ನ ಪಾಲು ನನಗಿರಲಿ. ಪಂಚಮಿಗೆ ನೀನು ಕರೀದಿದ್ರೂ ಬರ್ತೀನಿ."

ಅವನು ಕಾರು ಬಂದ್ ಮಾಡಿದ. ಆದರೆ ಇಳಿಯಲಿಲ್ಲ.

"ಇಬ್ರಿಗೂ ತಾಟು ಹಾಕೀನಿ, ಬರ್ರಿ," ಒಳಗಿಂದ ಅತ್ತಿಗೆ ಕೂಗಿದಳು.

ನಾನು ಹೋಗಿ ಕೂತೆ. ಕಣ್ಣು ಬಾಗಿಲಲ್ಲೇ ಇತ್ತು. ಅನ್ನ ಆರುತ್ತಿತ್ತು. ಅಣ್ಣನಿಲ್ಲದೆ ತುತ್ತು ಎತ್ತಲು ಮನಸ್ಸಾಗಲಿಲ್ಲ, ಎದ್ದು ಹೋಗಿ ಸಹಿ ಹಾಕುತ್ತೇನೆ ಎನ್ನಲೂ ಮನಸ್ಸಾಗಲಿಲ್ಲ.