ತಟ್ಟಿಯಾಚೆಯ ನೆಂಟಸ್ತಿಕೆ

ನನಗಾಗ ಇಪ್ಪತ್ತು. ಕೋಲಾರದ ಚಿನ್ನದ ಗಣಿ ಚಾಂಪಿಯನ್ ರೀಫ್ಸಿನ ಕೂಲಿ ಲೈನಿನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಬರೀ ಒಂದು ಬಿದಿರು ತಟ್ಟಿ. ಆ ಕಡೆ ಸೀನಿದರೆ ಈ ಕಡೆಯಿಂದ "ನೂರ್ಕಾಲ ಬಾಳು" ಅನ್ನಬೇಕಿತ್ತು, ಅಷ್ಟು ಗುಟ್ಟು! ನನ್ನ ಗಂಡ ಒಳ್ಳೆಯವನೇ. ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸ. ಮನೆಗೆ ಬಂದರೆ ಮುದ್ದೆ ನುಂಗಿ ಗೊರಕೆ.

ಪಕ್ಕದವನು ತಮಿಳಿನವನು, ಬೇರೆ ಜಾತಿ, ಗಂಡನ ಶಿಫ್ಟಿನಲ್ಲೇ ಕೆಲಸ. ಹೆಂಡತಿ ಹೆರಿಗೆಗೆ ತವರಿಗೆ ಹೋದ ಮೇಲೆ ಅವನ ಅನ್ನ ದಿನವೂ ಸೀಯತೊಡಗಿತು. ವಾಸನೆ ತಾಳಲಾರದೆ ಒಂದು ದಿನ ತಟ್ಟಿಯ ಮೇಲಿಂದ ಹುರುಳಿ ಸಾರು ಚಾಚಿದೆ. "ಚೆನ್ನಾಗಿದೆ ಅಕ್ಕಾ" ಅಂದ. ಮೂರನೇ ವಾರಕ್ಕೆ ಅಕ್ಕ ಅನ್ನುವುದನ್ನು ಬಿಟ್ಟ. ನಾನೂ ನೆನಪಿಸಲಿಲ್ಲ.

ಅಷ್ಟೇ ನಮ್ಮ ಪಾಪ. ಬೆರಳೂ ತಾಗಲಿಲ್ಲ. ತೊಳೆದು ಕೊಟ್ಟ ಪಾತ್ರೆಯಲ್ಲಿ ಮಾತ್ರ ಒಂದೊಂದು ಕನಕಾಂಬರ ಇರುತ್ತಿತ್ತು. ಮುಡಿಯಲಾರೆ, ಬಿಸಾಡಲಾರೆ, ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ದೇವರ ಹೂವನ್ನೂ ನಾನು ಅಷ್ಟು ಜೋಪಾನ ಮಾಡಿದವಳಲ್ಲ.

ಒಂದು ಮಧ್ಯಾಹ್ನ ನೆಲ ನಡುಗಿತು. ಗಣಿಯೊಳಗೆ ಬಂಡೆ ಸಿಡಿದಿತ್ತು. ಲೈನಿನ ಹೆಂಗಸರೆಲ್ಲ ಗಣಿಬಾಯಿಗೆ, ಶಾಫ್ಟಿನ ಬಳಿ ಓಡಿದೆವು. ಆಳುಗಳನ್ನು ಹೊತ್ತ ಕೇಜು ಮೇಲೆ ಬಂತು. ಮೊದಲು ಇಳಿದವನೇ ನನ್ನ ಗಂಡ. ನಾನು ಅವನ ಹೆಗಲ ಮೇಲಿಂದ ಹಿಂದೆ ಯಾರಿದ್ದಾರೆಂದು ನೋಡುತ್ತಿದ್ದೆ.

"ನಾನ್ ಇಲ್ಲಿವ್ನಿ ಕಣೇ" ಅಂದ. ಒಂದು ಗಳಿಗೆ ನನ್ನ ಮುಖ ನೋಡಿ, ಮೆಲ್ಲಗೆ, "ಅವ್ನೂ ಬತ್ತಾವ್ನೆ, ಮುಂದಿನ ಕೇಜ್ನಾಗೆ. ಏನೂ ಆಗಿಲ್ಲ" ಅಂದ.

ಅಷ್ಟು ಹೊತ್ತು ಕುಣಿದ ಭೂಮಿ, ನನ್ನನ್ನು ನುಂಗಬೇಕಾದಾಗ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಮನೆಯಲ್ಲಿ ಬೈಗುಳಕ್ಕೆ ತಯಾರಾಗಿ ಕೂತೆ. ಅವನು ಕೈ ತೊಳೆದು ಉಂಡ. "ಓಗಿ ಅವ್ನಿಗೂ ಒಸಿ ಸಾರು ಕೊಡು. ಎದರಿರ್ತಾನೆ" ಅಂದ. ಕೊಡಲು ಹೋದರೆ ತಟ್ಟಿಯಾಚೆಯಿಂದ, "ಊಟ ಆಯ್ತು ಅಕ್ಕಾ" ಎಂಬ ದನಿ ಬಂತು. ಅವನ ಮನೆಯಲ್ಲಿ ಒಲೆಯೇ ಹೊತ್ತಿರಲಿಲ್ಲ. ಆ ತಿಂಗಳೇ ಬೇರೆ ಲೈನಿಗೆ ಮನೆ ಬದಲಾಯಿಸಿಕೊಂಡ. ನಾನು ಎರಡು ದಿನ ಅತ್ತೆ, ಈರುಳ್ಳಿಯ ಮೇಲೆ ತಪ್ಪು ಹೊರಿಸಿದೆ.

ವರ್ಷಗಳಾದ ಮೇಲೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಂಡ. ಪೂರ್ತಿ ಬೋಳುತಲೆ, ಜೊತೆಗೆ ಹೆಂಡತಿ, ನಾಲ್ಕು ಮಕ್ಕಳು. ನನ್ನ ಗಂಡನೇ ಗುರುತು ಹಿಡಿದು ಕೂಗಿದ. ಇಬ್ಬರೂ ಬೀಡಿ ಹಚ್ಚಿ, ರೈಲು ಬರುವವರೆಗೂ ಮಾತಾಡಿದ್ದೇ ಮಾತಾಡಿದ್ದು. ನನ್ನ ಜೊತೆ ಇಬ್ಬರಲ್ಲಿ ಒಬ್ಬನೂ ಯಾವತ್ತೂ ಅಷ್ಟು ಮಾತಾಡಿದವನಲ್ಲ. ನಾನು ಅವನ ಹೆಂಡತಿಯ ಪಕ್ಕ ಟ್ರಂಕಿನ ಮೇಲೆ ಕೂತು ಕಡಲೆಕಾಯಿ ಸುಲಿದೆ.